ಎರಡು ಚೀಟಿ, ಇಪ್ಪತ್ತಕ್ಕೆ ಇಪ್ಪತ್ತು

ನಮ್ಮ ದ್ವೀಪದ ಯೆರಾಸಿಮೋಸ್ ವರ್ಷಕ್ಕೊಂದು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಆರೋಗ್ಯವಾಗಿರುತ್ತಿದ್ದ, ಒಂಬತ್ತೂವರೆಗೆ ತೀರಿಕೊಂಡಿರುತ್ತಿದ್ದ.

ದೊಡ್ಡ ಉಪವಾಸಕ್ಕೆ ಮುಂಚೆ ಬರುವ ಆತ್ಮಗಳ ಶನಿವಾರದ ಮಾತು ಇದು. ಅವತ್ತು ಪ್ರತಿ ಮನೆಯಿಂದಲೂ ಚರ್ಚಿಗೆ ಎರಡು ಚೀಟಿ ಹೋಗುತ್ತವೆ. ಒಂದರಲ್ಲಿ ಬದುಕಿರುವವರ ಹೆಸರು, ಆರೋಗ್ಯಕ್ಕೆ. ಇನ್ನೊಂದರಲ್ಲಿ ಸತ್ತವರ ಹೆಸರು, ಶಾಂತಿಗೆ. ಪಾದ್ರಿ ಪಾಪಾ ನೊಮಿಕೋಸ್ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಎರಡನ್ನೂ ಗಟ್ಟಿಯಾಗಿ ಓದುತ್ತಾರೆ. ಯೆರಾಸಿಮೋಸನ ತಾಯಿ ಕಲೊತೀನಾ ಮಗನ ಹೆಸರನ್ನು ಬದುಕಿರುವವರ ಚೀಟಿಗೆ ಸೇರಿಸುತ್ತಿದ್ದಳು. ಹೆಂಡತಿ ಎವ್ಡೊಕಿಯಾ ತನ್ನದೇ ಬೇರೆ ಚೀಟಿ ಬರೆದು ಸತ್ತವರಲ್ಲಿ ಸೇರಿಸುತ್ತಿದ್ದಳು. ಪಾಪಾ ಎರಡನ್ನೂ ಓದುತ್ತಿದ್ದರು. ಅತ್ತೆ ಸೊಸೆಯ ನಡುವೆ ಸಿಕ್ಕಿಕೊಂಡ ಗಂಡಸು ಬದುಕಿದ್ದಾನೋ ಸತ್ತಿದ್ದಾನೋ ದೇವರಿಗೂ ಗೊತ್ತಾಗಲ್ಲ ಎಂದು ಕಾಫಿ ಅಂಗಡಿಯಲ್ಲಿ ನಗುತ್ತಿದ್ದರು. ನಾನೂ ನಕ್ಕಿದ್ದೆ.

ಅವನು ಹಡಗಿನ ಇಂಜಿನ್ ಕೋಣೆಯಲ್ಲಿದ್ದವನು. ಮೂರು ವರ್ಷದ ಹಿಂದೆ ನವೆಂಬರಿನಲ್ಲಿ ಉತ್ತರದ ಸಮುದ್ರದಲ್ಲಿ ಹಡಗು ಮುಳುಗಿತು. ಇಪ್ಪತ್ತೆರಡು ಜನ. ಒಂದು ಹೆಣವೂ ಸಿಗಲಿಲ್ಲ.

ನಾನು ಪೊಲಿಕ್ರೋನಿಸ್, ಸಾಹಿತ್ಯದ ಮೇಷ್ಟ್ರು. ಹನ್ನೊಂದು ವರ್ಷದಿಂದ ತಾತ್ಕಾಲಿಕ. ನಮ್ಮ ದೇಶದಲ್ಲಿ ತಾತ್ಕಾಲಿಕದಷ್ಟು ಕಾಯಂ ಆದದ್ದು ಬೇರೊಂದಿಲ್ಲ. ಪ್ರತಿ ಸೆಪ್ಟೆಂಬರ್ ಇಲಾಖೆ ನನ್ನನ್ನು ಒಂದು ಹೊಸ ದ್ವೀಪಕ್ಕೆ ಎಸೆಯುತ್ತದೆ, ಜೂನ್‌ನಲ್ಲಿ ಎತ್ತಿಕೊಳ್ಳುತ್ತದೆ. ಬಹುಶಃ ಮರೆತು, ಈ ಸಲ ಸತತ ಎರಡನೇ ವರ್ಷ ಇಲ್ಲಿಗೇ ಹಾಕಿತ್ತು. ಪ್ರೌಢಶಾಲೆಯ ಮೊದಲ ತರಗತಿಯವರಿಗೆ ನಾನು ಕಲಿಸುವುದು ಯುದ್ಧ ಮುಗಿಸಿ ಮನೆಗೆ ಹೊರಟು, ಹತ್ತು ವರ್ಷ ಸಮುದ್ರದಲ್ಲಿ ದಾರಿ ತಪ್ಪಿದ ರಾಜನ ಮಹಾಕಾವ್ಯ. ಆ ರಾಜನಿಗಾದರೂ ಮನೆಯಲ್ಲಿ ಹೆಂಡತಿ, ಮಗ, ಒಂದು ಮುದಿ ನಾಯಿ ಕಾಯುತ್ತಿದ್ದವು. ನನ್ನನ್ನು ಕಾಯುತ್ತಿದ್ದದ್ದು ಸೋರುವ ಬಾಡಿಗೆ ಕೋಣೆ.

ತರಗತಿಯಲ್ಲಿ ಆರು ಮಕ್ಕಳು. ಅವರಲ್ಲಿ ಹನ್ನೆರಡು ವರ್ಷದ ಥೆಮೆಲೀನಾ ಯೆರಾಸಿಮೋಸನ ಮಗಳು. ಮಾತು ಕಡಿಮೆ, ಅಕ್ಷರ ಮುತ್ತು.

ಅಕ್ಟೋಬರಿನಲ್ಲಿ ನನಗೊಂದು ಜಾಣತನ ಹೊಳೆಯಿತು. ನನ್ನ ಜೀವನದ ದೊಡ್ಡ ದಡ್ಡತನಗಳೆಲ್ಲ ಹೀಗೇ ಜಾಣತನದ ವೇಷದಲ್ಲೇ ಬಂದಿವೆ. ಮಕ್ಕಳಿಗೆ ಹೇಳಿದೆ: "ನೀವೆಲ್ಲ ಪತ್ರಕರ್ತರು ಅಂದ್ಕೊಳ್ಳಿ. ಕಾಣೆಯಾದ ಅಪ್ಪ ವಾಪಸ್ ಬಂದ್ರು ಅಂತ ಸುದ್ದಿ ಬರೀರಿ." ಅವಳು ಅಲ್ಲಿ ಕೂತಿದ್ದಾಳೆ ಎಂಬುದು ನನಗೆ ಹೊಳೆಯುವ ಹೊತ್ತಿಗೆ ಅವಳು ಬರೆಯುತ್ತಿದ್ದಳು. ಎರಡು ಪುಟ ಬರೆದಳು. ಬಂದವನ ಕೈಗೆ ಇಂಜಿನ್ ಎಣ್ಣೆಯ ವಾಸನೆ ಇತ್ತು. ಅವನು ಬಾಗಿಲಲ್ಲಿ ನಿಂತು, ಮಗಳು ಎತ್ತರ ಆಗಿರುವುದನ್ನು ನೋಡಿ, ಇದು ತನ್ನ ಮನೆ ಹೌದೋ ಅಲ್ಲವೋ ಎಂದು ಅನುಮಾನಿಸುತ್ತಿದ್ದ. ನಾನು ಅದನ್ನು ತರಗತಿಯಲ್ಲಿ ಓದಿ ಹೇಳಿದೆ. ಕೆಂಪು ಶಾಯಿಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಹಾಕಿ, ಕೆಳಗೆ ಎರಡು ಗೆರೆ ಎಳೆದೆ.

ಆ ಹಾಳೆ ಅವರ ಮನೆಯಲ್ಲಿ ಅಜ್ಜಿ ಕಲೊತೀನಾಳ ದೇವರ ಪಟದ ಹಿಂದೆ ಸೇರಿತು. ಅಜ್ಜಿಯ ಎರಡು ಕಣ್ಣಿಗೂ ಪೊರೆ. ಓದಲು ಆಗುತ್ತಿರಲಿಲ್ಲ, ಆದರೆ ಕೆಂಪು ಕಾಣುತ್ತಿತ್ತು. ಬೇಕರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು: "ಮೇಷ್ಟ್ರೇ ಪೂರ್ತಿ ಮಾರ್ಕ್ಸ್ ಕೊಟ್ಟವ್ರೆ ಕಣ್ರೇ. ಓದಿದೋನು, ಸುಳ್ಳಿಗೆ ಇಪ್ಪತ್ತು ಕೊಡ್ತಾನಾ?"

ಫೆಬ್ರವರಿ ಬಂತು. ಬಿರುಗಾಳಿಗೆ ಒಂಬತ್ತು ದಿನ ಹಡಗಿಲ್ಲ, ಅಂಗಡಿಯಲ್ಲಿ ಈರುಳ್ಳಿ ಬಿಟ್ಟರೆ ಏನೂ ಇಲ್ಲ. ಎವ್ಡೊಕಿಯಾ ಶಾಲೆಗೆ ಬಂದಳು. ಶೋಕದ ಕರಿ ಬಟ್ಟೆ ಬಿಟ್ಟು ಬೂದು ಕೋಟು ಹಾಕಿದ್ದಳು. ಬಂದರಿನಲ್ಲಿ ಟಿಕೆಟ್ ಕೊಡುವ ಸ್ತಮಾತಿಸ್ ಅವಳನ್ನು ಮದುವೆಗೆ ಕೇಳಿದ್ದಾನೆಂದು ಇಡೀ ದ್ವೀಪಕ್ಕೆ ಗೊತ್ತಿತ್ತು.

"ಮೇಷ್ಟ್ರೇ, ಈ ಸಲ ಒಂದು ಮನೆಗೆ ಒಂದೇ ಜೊತೆ ಚೀಟಿ ಅಂತ ಪಾಪಾ ಖಡಾಖಂಡಿತ ಹೇಳ್ಬಿಟ್ರು. ದೇವ್ರ ಮುಂದೆ ತಮಾಷೆ ಮಾಡ್ಬೇಡಿ ಅಂದ್ರು. ಅತ್ತೆಗೆ ಕಣ್ಣು ಕಾಣಲ್ಲ. ನಾನು ಬರೆದ್ರೆ ಅವ್ರು ಒಪ್ಪಲ್ಲ."

"ಮತ್ತೆ?"

"ಥೆಮೆಲೀನಾ ಬರೀತಾಳೆ. ಅವ್ಳು ಎಲ್ಲಿ ಬರೀತಾಳೋ ಅವ್ನು ಅಲ್ಲಿ. ಇಬ್ರೂ ಆಣೆ ಮಾಡಿದೀವಿ. ಆರೋಗ್ಯದ ಚೀಟಿಗೆ ಹೋದ್ರೆ ಸ್ತಮಾತಿಸ್‌ಗೆ ಬೇಡ ಅಂತೀನಿ."

"ಎವ್ಡೊಕಿಯಾ, ಅದು ಮಗು!"

"ಗೊತ್ತು. ನೀವು ಅವ್ಳ ಕೈಲಿ ಏನು ಬರೆಸಿದ್ರಿ ಅಂತನೂ ಗೊತ್ತು."

ನಾನು ಮೇಜಿನ ಮೇಲಿದ್ದ ಕೆಂಪು ಪೆನ್ನನ್ನು ಜೇಬಿಗೆ ಹಾಕಿಕೊಂಡೆ.

ಆ ಗುರುವಾರ ರಾಜನ ಕೊನೆಯ ಹಡಗಿಗೆ ಸಿಡಿಲು ಬಡಿಯುವ ಪಾಠ. ಸಂಗಡಿಗರೆಲ್ಲ ಮುಳುಗುತ್ತಾರೆ, ರಾಜ ಒಬ್ಬನೇ ಮರದ ತುಂಡು ಹಿಡಿದು ಉಳಿಯುತ್ತಾನೆ. ದೊಡ್ಡ ಹಡಗುಗಳನ್ನು ಹಗ್ಗ ಕಟ್ಟಿ ಎಳೆಯುವ ಟಗ್‌ಬೋಟ್ ನಡೆಸುವವನ ಮಗ ಸಕ್ಕೆಲ್ಲಾರಿಸ್ ಕೈ ಎತ್ತಿದ.

"ಮೇಷ್ಟ್ರೇ, ಹನ್ನೆರಡು ಹಡಗು ತಗೊಂಡ್ ಹೋಗಿ ಹನ್ನೆರಡೂ ಮುಳುಗ್ಸಿದ್ನಾ? ನಮ್ಮಪ್ಪ ಒಂದ್ ಹಗ್ಗ ಕಳ್ಕೊಂಡಿದ್ದಕ್ಕೇ ಬಂದರಿನ ಸಾಹೇಬ್ರು ಎರಡ್ ತಿಂಗಳು ಲೈಸೆನ್ಸ್ ಕಿತ್ಕೊಂಡಿದ್ರು!"

"ಇವ್ನಿಗೆ ಲೈಸೆನ್ಸ್ ಇರ್ಲಿಲ್ಲ ಕಣೋ, ಕಿರೀಟ ಇತ್ತು."

ಎಲ್ಲರೂ ನಕ್ಕರು. ಥೆಮೆಲೀನಾ ನಗಲಿಲ್ಲ. ಆ ವರ್ಷ ತರಗತಿಯಲ್ಲಿ ಮೊದಲ ಸಲ ಅವಳಾಗಿಯೇ ಮಾತಾಡಿದಳು.

"ಒಟ್ಟು ಎಷ್ಟು ಜನ ಇದ್ರು?"

"ಹಡಗಿಗೆ ಐವತ್ತು ಅಂದ್ರೂ ಆರುನೂರು."

"ಮನೆಗೆ ಬಂದಿದ್ದು?"

"ಒಬ್ಬ."

"ಉಳಿದೋರ ಹೆಸರೇನು?"

"ಕೆಲವರದ್ದು ಇದೆ. ಬಹಳ ಜನರದ್ದು ಪುಸ್ತಕದಲ್ಲಿಲ್ಲ."

"ಅವ್ರಿಗೂ ಮಕ್ಕಳಿದ್ವಾ?"

"ಇದ್ದಿರ್ಬೇಕು."

"ಅವೂ ಕಾಯ್ತಿದ್ವಾ?"

ಹತ್ತೊಂಬತ್ತು ವರ್ಷ ಓದಿದ ಕಾವ್ಯ, ಹನ್ನೊಂದು ವರ್ಷ ಕಲಿಸಿದ ಕಾವ್ಯ. ಆ ಆರುನೂರು ಮನೆಗಳ ಬಾಗಿಲು ನಾನು ಒಂದು ದಿನವೂ ತಟ್ಟಿರಲಿಲ್ಲ. "ಪುಸ್ತಕದಲ್ಲಿ ಹೇಳಿಲ್ಲ," ಎಂದೆ. ಗಂಟೆ ಹೊಡೆಯಿತು.

ಎಲ್ಲರೂ ಹೋದ ಮೇಲೆ ಅವಳು ನನ್ನ ಮೇಜಿನ ಹತ್ತಿರ ಬಂದಳು.

"ಮೇಷ್ಟ್ರೇ, ನೀವು ಇಪ್ಪತ್ತು ಕೊಟ್ರಲ್ಲ, ಅದ್ಯಾಕೆ?"

"ಚೆನ್ನಾಗಿ ಬರೆದಿದ್ದೆ."

"ಅಕ್ಷರಕ್ಕಾ, ಇಲ್ಲಾ ಅದು ಆಗತ್ತೆ ಅಂತ ಅನ್ನಿಸ್ತು ಅಂತಾನಾ?"

ಕಿಟಕಿಯಾಚೆ ಸಮುದ್ರ ಬೆಳ್ಳಗೆ ನೊರೆ ಕಾರುತ್ತಿತ್ತು. ಜೀವನವಿಡೀ ಮಾತಿಗೊಂದು ಮಾತು ತಿರುಗಿಸಿ ಬಚಾವಾದವನು ನಾನು. ಅವತ್ತೂ ಒಂದಿಷ್ಟು ಮಾತುಗಳು ನಾಲಿಗೆ ತುದಿಗೆ ಬಂದವು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಕಲ್ಪನೆಗೆ, ಮಗಾ," ಎಂದೆ. "ಇಪ್ಪತ್ತು ಕಲ್ಪನೆಗೆ ಕೊಟ್ಟಿದ್ದು."

"ಸರಿ," ಎಂದಳು. ಚೀಲ ಹೆಗಲಿಗೆ ಹಾಕಿಕೊಂಡು, ನಾನು ಎಳೆದಿಟ್ಟಿದ್ದ ಕುರ್ಚಿಯನ್ನು ಮೇಜಿನ ಕೆಳಗೆ ಸರಿಯಾಗಿ ತಳ್ಳಿ ಹೋದಳು.

ಶನಿವಾರ ಚರ್ಚು ತುಂಬಿತ್ತು. ಮುಂದಿನ ಮೇಜಿನ ಮೇಲೆ ಸತ್ತವರಿಗಾಗಿ ಬೇಯಿಸಿದ ಗೋಧಿಯ ತಟ್ಟೆಗಳ ಸಾಲು, ಮೇಲೆ ಸಕ್ಕರೆಯ ಹಾಸು, ಪ್ರತಿಯೊಂದರಲ್ಲೂ ಒಂದು ಮೇಣದಬತ್ತಿ. ಎವ್ಡೊಕಿಯಾಳ ತಟ್ಟೆ ಮೂಲೆಯಲ್ಲಿತ್ತು. ಆಣೆ ಏನೇ ಇರಲಿ, ಅವಳು ಗೋಧಿ ಬೇಯಿಸಿಕೊಂಡೇ ಬಂದಿದ್ದಳು. ಅಜ್ಜಿ ಎಡಗಡೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು, ಕಣ್ಣಿಲ್ಲದವರು ಕಿವಿಯನ್ನು ಮುಂದೆ ಮಾಡಿಕೊಂಡು ಕೂರುವ ಹಾಗೆ. ಥೆಮೆಲೀನಾ ಇಬ್ಬರ ನಡುವೆ ನಿಂತಿದ್ದಳು.

ಮೊದಲು ಬದುಕಿರುವವರ ಚೀಟಿಗಳು. ಮನೆ ಮನೆಯ ಹೆಸರು ಮುಗಿದು ಆ ಮನೆಯದು ಬಂತು. ಪಾಪಾ ಓದಿದರು: "ಕಲೊತೀನಾ. ಎವ್ಡೊಕಿಯಾ. ಥೆಮೆಲೀನಾ." ಅಲ್ಲಿಗೆ ನಿಲ್ಲಿಸಿ ಮುಂದಿನ ಚೀಟಿ ತೆಗೆದರು.

ಅಜ್ಜಿ ಕತ್ತು ತಿರುಗಿಸಲಿಲ್ಲ. ಕೈಯಲ್ಲಿದ್ದ ಕರವಸ್ತ್ರವನ್ನು ಮಡಚಿದಳು, ಮತ್ತೆ ಮಡಚಿದಳು, ಮಡಚಲು ಏನೂ ಉಳಿಯದಷ್ಟು ಮಡಚಿದಳು.

ಸತ್ತವರ ಚೀಟಿಗಳು ಶುರುವಾದವು. ಆ ಮನೆಯದು ಬಂದಾಗ ಪಾಪಾ ಹಿರಿಯರ ಹೆಸರು ಓದಿ, "ಯೆರಾಸಿಮೋಸ್" ಎಂದರು. ಆಮೇಲೆ ತಡೆದರು. ಕನ್ನಡಕ ಸರಿಮಾಡಿಕೊಂಡರು. ಹಿಂದೆ ಯಾರೋ ಕೆಮ್ಮಿದರು. ಪಾಪಾ ಒಮ್ಮೆ ಹುಡುಗಿಯ ಕಡೆ ನೋಡಿ, ಇದ್ದದ್ದು ಇದ್ದ ಹಾಗೇ ಓದಿದರು:

"ಅವನ ಜೊತೆ ಇದ್ದ ಇಪ್ಪತ್ತೊಂದು ಜನ. ಮತ್ತೆ ಹನ್ನೆರಡು ಹಡಗಿನ ಆರುನೂರು ಜನ. ಅವರ ಹೆಸರು ಪುಸ್ತಕದಲ್ಲಿಲ್ಲ."

ಕಾಫಿ ಅಂಗಡಿಯ ಗಂಡಸರು ಅಲ್ಲೇ ಇದ್ದರು. ಯಾರೂ ನಗಲಿಲ್ಲ. ಸಕ್ಕೆಲ್ಲಾರಿಸ್ ತನ್ನಪ್ಪನ ತೋಳು ಹಿಡಿದುಕೊಂಡ.

ಹೊರಗೆ ಅಂಗಳದಲ್ಲಿ ಗೋಧಿ ಹಂಚಿದರು. ಎವ್ಡೊಕಿಯಾ ನನ್ನ ಅಂಗೈಗೆ ಒಂದು ಚಮಚ ಹಾಕಿದಳು. "ದೇವರು ಅವನನ್ನ ಕ್ಷಮಿಸ್ಲಿ," ಎಂದೆ, ವಾಡಿಕೆಯಂತೆ. ಅವಳು ಅಳುತ್ತಿದ್ದಳು. ಗೆದ್ದವರು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ.

ಮೊಮ್ಮಗಳ ಹೆಗಲು ಹಿಡಿದು ಅಜ್ಜಿ ನನ್ನ ಹತ್ತಿರ ಬಂದಳು. ಎದೆಯ ಬಳಿಯ ಬಟ್ಟೆಯೊಳಗಿಂದ ನಾಲ್ಕು ಮಡಿಕೆಯ ಹಾಳೆ ತೆಗೆದಳು. ಮಡಿಕೆಯ ಆಚೆಗೂ ಕೆಂಪು ಇಣುಕುತ್ತಿತ್ತು.

"ತಗೋಳಪ್ಪಾ ಮೇಷ್ಟ್ರೇ," ಎಂದಳು. "ಓದಿದೋರು ನೀವು. ಇದನ್ನ ಸರಿಯಾಗಿ ತಿದ್ದಿಕೊಡಿ."

ಥೆಮೆಲೀನಾ ನೆಲ ನೋಡುತ್ತಿದ್ದಳು. ನನ್ನ ಒಂದು ಅಂಗೈಯಲ್ಲಿ ಗೋಧಿ, ಇನ್ನೊಂದರಲ್ಲಿ ಆ ಹಾಳೆ. ಜೇಬಿನಲ್ಲಿ ಕೆಂಪು ಪೆನ್ನು ಇತ್ತು. ತೆಗೆಯಲು ನನಗೆ ಕೈ ಉಳಿದಿರಲಿಲ್ಲ.