ರಾಬನ ಎಡ ಮಗ್ಗುಲು

ಬಾಳೆಗುಳಿಯ ಬೊಮ್ಮಯ್ಯನ ಸ್ವಭಾವವೇ ಹಾಗೆ. ಮನಸ್ಸಿಗೆ ಬಂದದ್ದನ್ನು ಹೊತ್ತು ಮುಳುಗುವುದರೊಳಗೆ ಮಾಡಿ ಮುಗಿಸಬೇಕು. ಸರಿಯೋ ತಪ್ಪೋ ಎಂಬುದನ್ನು ಉಂಡು ಕೈ ತೊಳೆದ ಮೇಲೆ ಯೋಚಿಸಿದರಾಯಿತು. ಕಾರವಾರದ ಬಂಗಲೆಯಲ್ಲಿದ್ದ ರಸ್ತೆ ಇಂಜಿನಿಯರ್ ಸಾಹೇಬ ನೌಕರಿ ಮುಗಿಸಿ ತನ್ನ ದೇಶಕ್ಕೆ ಹೊರಟಾಗ, ಕುರಿ ಮೇಯಿಸುವ ಜಾತಿಯ ತನ್ನ ನಾಯಿಯನ್ನು ಯಾರಿಗೆ ಬಿಡಲಿ ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದ. ಬೆಣ್ಣೆ ಕೊಡಲು ಹೋಗಿದ್ದ ಬೊಮ್ಮಯ್ಯ ಹಿಂದೆ ಮುಂದೆ ನೋಡದೆ ತನಗೇ ಕೊಡಿ ಎಂದ. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇನೆ ಎಂದು ಮಾತೂ ಕೊಟ್ಟ. ಬಟ್ಲರ್ ಬಾಬು ಕಬ್ಬಿಣದ ಹಲ್ಲಿನ ಬಾಚಣಿಗೆಯೊಂದನ್ನು ಅವನ ಕೈಗೆ ತುರುಕಿ, ಈ ನಾಯಿಗೆ ಎರಡು ಪದರ ಕೂದಲು, ವಾರವಾರ ಬಾಚಬೇಕು ಎಂದೇನೋ ಹೇಳತೊಡಗಿದ. ಅಷ್ಟರಲ್ಲಿ ಬೊಮ್ಮಯ್ಯ ಹಗ್ಗ ಹಿಡಿದು ಗೇಟು ದಾಟಿಯಾಗಿತ್ತು. ಬಾಚಣಿಗೆ ಕೊಟ್ಟಿಗೆಗೆ ಹೋಗಿ ಎಮ್ಮೆಯ ಮೈ ಕೆರೆಯುವ ಸಾಮಾನಾಯಿತು.

ರಾಬ್ ಎಂಬ ಆ ನಾಯಿ ಬಂದ ಕೆಲವೇ ದಿನದಲ್ಲಿ, ನಗುತ್ತಿದ್ದ ಊರವರ ಬಾಯಿ ಮುಚ್ಚಿಸಿತು. ಸಂಜೆಯಾದರೆ ಬೇಣದ ಹುಲ್ಲುಗಾವಲಿನಲ್ಲಿ ಚದುರಿದ ದನಗಳನ್ನು ಬೊಗಳದೆ, ಕಚ್ಚದೆ, ಬರೀ ಸುತ್ತು ಹಾಕಿ ಹಾಕಿ ಕೊಟ್ಟಿಗೆಗೆ ತಂದು ನಿಲ್ಲಿಸುತ್ತಿತ್ತು. ಮನೆಯಲ್ಲಿ ಮನುಷ್ಯರಿಗೇ ಅನ್ನ ಸಾಲದು, ನಾಯಿಗೆಲ್ಲಿಂದ ತರಲಿ ಎಂದು ಗೊಣಗಿದ್ದ ಹೆಂಡತಿ ಗೋದಾವರಿ, ಈಗ ಗಂಜಿ ಬಸಿಯುವಾಗ ಮೊದಲು ಅದರ ತಟ್ಟೆಯನ್ನೇ ಹುಡುಕುತ್ತಿದ್ದಳು. ಬೊಮ್ಮಯ್ಯನಂತೂ ನಾಯಿ ಎದುರಿಗಿಲ್ಲದಿದ್ದರೆ ತುತ್ತು ಎತ್ತುತ್ತಿರಲಿಲ್ಲ.

ಚೈತ್ರದ ಬಿಸಿಲು ಏರಿತು ನೋಡಿ, ರಾಬ್ ಮಲಗಿಬಿಟ್ಟಿತು. ನಾಲಿಗೆ ಮೊಳದುದ್ದ ಹೊರಗೆ. ಕೂದಲು ಗಂಟುಗಟ್ಟಿ ಉದುರಿ ಉದುರಿ ಜಗಲಿಯೆಲ್ಲ ಅರಳೆಯಂಗಡಿ. ಬೇಣದ ಕಡೆ ತಿರುಗಿಯೂ ನೋಡಲಿಲ್ಲ. ಬೊಮ್ಮಯ್ಯನಿಗೆ ಎದೆ ಒಡೆದುಹೋಯಿತು. ಕೊಟ್ಟ ಮಾತು ಹಾಗಿರಲಿ, ಈ ನಾಯಿ ಸತ್ತರೆ ತಾನು ಹೇಗಿರಲಿ ಎಂಬ ಚಿಂತೆ ಹತ್ತಿತು. ತನ್ನ ಮಂಡೆ ಬೋಳಿಸಿದ ದಿನ ಎಷ್ಟು ತಂಪು ಎನ್ನುವುದು ನೆನಪಾಯಿತು. ಅಷ್ಟೇ ಸಾಕು, ಅಂಕೋಲೆಯ ಸುಬ್ಬನಿಗೆ ಕರೆ ಹೋಯಿತು.

ಸುಬ್ಬ ಕ್ಷೌರಿಕ, ಚಿಕ್ಕಂದಿನಲ್ಲಿ ಬೊಮ್ಮಯ್ಯನ ಜೊತೆ ಮಾವಿನಕಾಯಿ ಕದ್ದವನು. ಅಂಕೋಲೆಯಲ್ಲಿ ತನ್ನ ಮುಂದೆ ಬಗ್ಗದ ಮಂಡೆಯೇ ಇಲ್ಲ ಎಂದು ಹೇಳಿಕೊಳ್ಳುವವನು. ಸೋಮವಾರ ಊಟವಾದ ಮೇಲೆ ಕತ್ತರಿ, ಕತ್ತಿಗಳ ಹಡಪ ಬಿಚ್ಚಿ ಕೂತ. ಮೇಲಿನ ಉದ್ದ ಕೂದಲು ಕತ್ತರಿಸಿದರೆ ಅಡಿಯಲ್ಲಿ ಹಾಸಿಗೆಯ ಹತ್ತಿಯಂಥ ಇನ್ನೊಂದು ಪದರ! ಕತ್ತರಿ ಕಚ್ಚಿಕೊಂಡಿತು, ಕತ್ತಿ ಮೊಂಡಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಸುಬ್ಬ ನಾಯಿಯ ಜಾತಿಯನ್ನೇ ಬಯ್ಯತೊಡಗಿದ. ಎಡ ಮಗ್ಗುಲು ಮುಗಿಯುವಷ್ಟರಲ್ಲಿ ಗೋದಾವರಿ ತುಳಸಿಗೆ ದೀಪ ಹಚ್ಚಿದಳು. ದೀಪ ಹಚ್ಚಿದ ಮೇಲೆ ಕ್ಷೌರ ಕೂಡದು. ಮರುದಿನ ಮಂಗಳವಾರ, ಕತ್ತಿ ಮುಟ್ಟುವ ಹಾಗಿಲ್ಲ. ಅದರ ಮರುದಿನ ಅಮಾವಾಸ್ಯೆ. ಇನ್ನು ಗುರುವಾರವೇ ಸೈ ಎಂದು ಸುಬ್ಬ ಹಡಪ ಕಟ್ಟಿದ.

ಬಲದಿಂದ ನೋಡಿದರೆ ಸಿಂಹ, ಎಡದಿಂದ ನೋಡಿದರೆ ಬಡ ಆಡು. ಊರಿಗೆ ಊರೇ ನೋಡಲು ಬಂತು. ಗುರುವಾರ ಬೆಳಿಗ್ಗೆ ಅಂಕೋಲೆಯ ಪೇಟೆಯಲ್ಲಿ ಸುಬ್ಬನ ಮುಂದೆ ಕೂತ ಗಿರಾಕಿಗಳು, ನಮ್ಮದನ್ನು ಪೂರಾ ಮಾಡುತ್ತೀಯೋ ಅರ್ಧಕ್ಕೇ ಬಿಡುತ್ತೀಯೋ ಎಂದು ಕೇಳಿಯೇ ಮಂಡೆ ಬಗ್ಗಿಸತೊಡಗಿದರು.

ಬೊಮ್ಮಯ್ಯನಿಗೆ ಮಾತ್ರ ನಗು ಬರಲಿಲ್ಲ. ಮಂಗಳವಾರದ ಬಿಸಿಲಿಗೇ ಎಡ ಮಗ್ಗುಲು ಕೆಂಪಗಾಗಿ, ನೊಣ ಮುತ್ತಿ, ನಾಯಿ ಆ ಬದಿಯನ್ನು ಗೋಡೆಗೆ ಒತ್ತಿಕೊಂಡು ನರಳುತ್ತಿತ್ತು. ಅದೇ ದಿನ ಗೋದಾವರಿಯ ಗಂಜಿಯಲ್ಲಿ ನಾಯಿಯ ಕೂದಲು ಸಿಕ್ಕಿತು. ಅವಳು ಸಿಟ್ಟಿನಿಂದ ಎದ್ದು, ಕೊಟ್ಟಿಗೆಯ ಬಾಚಣಿಗೆಯನ್ನು ತೊಳೆದು ತಂದು, ಉಳಿದ ಬಲ ಮಗ್ಗುಲನ್ನು ಬುಡದಿಂದ ಬಾಚತೊಡಗಿದಳು. ಅಡಿಯ ಪದರದ ಸತ್ತ ಕೂದಲು ಬುಟ್ಟಿಗಟ್ಟಲೆ ಬಂತು. ಮೇಲಿನ ಉದ್ದ ಕೂದಲು ಇದ್ದ ಹಾಗೇ ಇತ್ತು, ಅದರೊಳಗೆ ಗಾಳಿ ಆಡತೊಡಗಿತು. ನಾಯಿ ಕಣ್ಣು ಮುಚ್ಚಿ ಸುಖಪಟ್ಟಿತು. ಅವಳು ಗಂಡನನ್ನು ಕರೆದಳು.

"ಇಲ್ಲಿ ಕೈ ಇಟ್ಟು ನೋಡಿ. ಕೂದಲಿದ್ದ ಬದಿ ತಂಪುಂಟು. ನೀವು ಬೋಳಿಸಿದ್ದು ಕಾವಲಿ ಹಂಗೆ ಸುಡ್ತದೆ."

ಬೊಮ್ಮಯ್ಯ ಎರಡೂ ಬದಿ ಕೈ ಇಟ್ಟು ನೋಡಿದ. ಸೆಕೆ ಎಂದು ಯಾರಾದರೂ ಮನೆಯ ಮಾಡಿನ ಹುಲ್ಲು ಕಿತ್ತು ಹಾಕುತ್ತಾರೆಯೇ? ತಾನು ಮಾಡಿದ್ದೂ ಅದನ್ನೇ. ಅವನಿಗೆ ಅಳುವೇ ಬಂತು. ಕೆಂಪಾದ ಮೈಗೆ ತೆಂಗಿನೆಣ್ಣೆ ಹಚ್ಚಿ, ತನ್ನ ಹಳೆಯ ಪಂಚೆಯನ್ನು ಹರಿದು ಆ ಬದಿಗೆ ಕಟ್ಟಿದ. ಎರಡು ದಿನ ನಾಯಿಯನ್ನು ನೆರಳು ಬಿಟ್ಟು ಹೊರಗೆ ಬಿಡಲಿಲ್ಲ.

ಗುರುವಾರ ಇಳಿಹೊತ್ತಿಗೆ ಸುಬ್ಬ ಬಂದ. ಬೊಮ್ಮಯ್ಯ ಬೇಡವೆಂದ. ಸುಬ್ಬ ಅಂಗಳದಲ್ಲೇ ಕುಕ್ಕರಿಸಿದ.

"ಒಡೆಯಾ, ನನ್ನ ಮರ್ಯಾದಿ ಮೂರು ಕಾಸಿಗೆ ಹೋಯ್ತು. ಒಂದೋ ನಾಯಿ ಪೂರಾ ಬೋಳಾಗ್ಬೇಕು, ಇಲ್ಲಾ ನಾ ಊರು ಬಿಡ್ಬೇಕು."

ಗೆಳೆಯನ ಮುಖ ನೋಡಲಾರದೆ ಬೊಮ್ಮಯ್ಯ ಬೇಲಿಯ ಕಡೆ ತಿರುಗಿದ. ಅದನ್ನೇ ಒಪ್ಪಿಗೆ ಎಂದುಕೊಂಡು ಸುಬ್ಬ ಕತ್ತಿ ಮಸೆಯತೊಡಗಿದ.

ಆ ಸದ್ದಿಗೆ ರಾಬ್ ಎದ್ದಿತು. ತಲೆ ತಗ್ಗಿಸಿ, ಕಣ್ಣು ಕೀಳದೆ ಸುಬ್ಬನ ಸುತ್ತ ಒಂದು ಸುತ್ತು ಹಾಕಿತು. ಸುಬ್ಬ ಎದ್ದು ಎಡಕ್ಕೆ ಸರಿದರೆ ಅದು ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಬೊಗಳಲಿಲ್ಲ, ಕಚ್ಚಲಿಲ್ಲ. ಹಿಂದೆ ಹಿಂದೆ ಸರಿದ ಸುಬ್ಬ, ಕತ್ತಿ ಹಿಡಿದ ಹಾಗೇ ಕೊಟ್ಟಿಗೆಯೊಳಗೆ ಹೋಗಿ ಎಮ್ಮೆಯ ಪಕ್ಕ ನಿಂತ. ಕೆಲಸ ಶುರುವಾಯಿತಲ್ಲ, ರಾಬ್ ಪಂಚೆ ಹಾರಿಸುತ್ತ ಬೇಣಕ್ಕೆ ಓಡಿತು. ದನಗಳನ್ನೆಲ್ಲ ತಂದು ಅದೇ ಕೊಟ್ಟಿಗೆಗೆ ನುಗ್ಗಿಸಿತು.

ನಾಯಿ ಬದುಕಿತು ಎಂದು ಬೊಮ್ಮಯ್ಯ ಅಂಗಳದಲ್ಲಿ ನಿಂತು ಕಣ್ಣೀರು ಬರುವಷ್ಟು ನಕ್ಕ. ಆಮೇಲೆ ದನಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಬಾಚಣಿಗೆ ಚಾಚಿದ.

"ಸುಬ್ಬಾ, ಕತ್ತಿ ಒಳಗಿಡು ಮಾರಾಯ. ಹೆಸರು ಉಳೀಬೇಕಂದ್ರೆ ಇದನ್ನ ಹಿಡಿ."

ಸುಬ್ಬ ಹಿಡಿದ. ವಾರವಾರ ಗುರುವಾರ ಬಂದು ಬಾಚಿದ. ಯಾವ ಬದಿ ತಂಪು ಎಂದು ಬೊಮ್ಮಯ್ಯನಿಗೆ ತೋರಿಸಲೆಂದೇ ತಾನು ಅರ್ಧ ಬಿಟ್ಟಿದ್ದು ಎಂದು ಪೇಟೆಯಲ್ಲಿ ಹೇಳಿಕೊಂಡು ತಿರುಗಿದ, ನಂಬಿದವರೂ ಇದ್ದರು. ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ ಎಡ ಮಗ್ಗುಲು ಅಲ್ಲಲ್ಲಿ ಗುಂಗುರಾಗಿಯಾದರೂ ತುಂಬಿ ಬಂತು. ಸುಬ್ಬನನ್ನು ಕಂಡರೆ ರಾಬ್ ಬಾಲ ಅಲ್ಲಾಡಿಸಿ ಬಲ ಮಗ್ಗುಲು ಒಡ್ಡಿ ಮಲಗುತ್ತಿತ್ತು. ಎಡ ಮಗ್ಗುಲು ಒಡ್ಡುತ್ತಿದ್ದುದು ಮಾತ್ರ, ಅವನು ಎದ್ದು ಹೋಗಿ ಹಡಪವನ್ನು ಬೇಲಿಯಾಚೆ ಇಟ್ಟು ಬಂದ ಮೇಲೆಯೇ.