ಮಣ್ಣಿಗೆ ಬಂದವರು

ಸಕ್ರವ್ವ ಗಾಜಿನ ತಟ್ಟೆಗಳನ್ನು ಬುಟ್ಟಿಗೆ ತುಂಬುತ್ತಿದ್ದಾಗ ನೀಲಗಂಗಾ ಬಂದು ಅತ್ತೆಯ ಮುಂಗೈ ಹಿಡಿದಳು.

“ಇದೊಂದು ಬಿಡ್ರಿ ಅತ್ತಿ.”

“ಬೂಷ್ಟು ಹಿಡದೈತಿ. ಸತ್ತ ಮನ್ಯಾಗ ಇಂಥಾವು ಇಟಗೊಂತಾರೇನು? ತಿಪ್ಪಿಗೆ ಹಾಕತೇನಿ.”

ಪಡಸಾಲೆಯಲ್ಲಿ ಅವಳ ಗಂಡ ಮಲಕಪ್ಪನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ಭಂಡಾರದ ಹಳದಿ, ಮುಂದೆ ಎಣ್ಣೆದೀಪ; ಸುತ್ತ ಅಳುವ ಹೆಂಗಸರು, ಭಜನೆಯವರು. ನಿನ್ನೆ ಇಳಕಲ್ಲಿನಿಂದ ಬಾಗಲಕೋಟೆಗೆ ಬರುವ ಬಸ್ಸಿನಲ್ಲಿ ಕೂತಂತೆಯೇ ಅವನ ಉಸಿರು ನಿಂತಿತ್ತು. ಮೂವತ್ತೆಂಟು ವಯಸ್ಸು. ತೊಡೆಯ ಮೇಲಿನ ಚೀಲದಲ್ಲಿ ಹನ್ನೊಂದು ಮಣ್ಣಿನ ಪೊಟ್ಟಣಗಳಿದ್ದವು.

ನೀಲಗಂಗಾ ತಟ್ಟೆಯನ್ನು ಕಿಟಕಿಗೆ ಹಿಡಿದಳು. ಅವನು ಪಾಠ ಹೇಳುತ್ತಿದ್ದ ಕಾಲೇಜಿಗೆ ಬೇಸಿಗೆ ರಜೆಯ ಬೀಗ ಬಿದ್ದಾಗ ಪ್ರಯೋಗದ ಈ ತಟ್ಟೆಗಳೆಲ್ಲ ಮನೆಗೆ ಬಂದಿದ್ದವು. ತಟ್ಟೆಯ ನಡುವೆ, ಮಣ್ಣಿನಿಂದ ಬೆಳೆಸಿದ, ಸಾಸಿವೆಯಷ್ಟು ಬಿಳಿ ಚುಕ್ಕೆ. ಸುತ್ತ ಉಂಗುರದಷ್ಟು ಜಾಗದಲ್ಲಿ ಕೀವಿನ ರೋಗಾಣುಗಳು ಸತ್ತು ತಿಳಿಯಾಗಿತ್ತು. ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಹೊಸ ಔಷಧ. ಹನ್ನೆರಡು ವರ್ಷ ಅವನು ಹುಡುಕಿದ್ದು ಅದನ್ನೇ. ಪುಣೆಯ ಪ್ರಯೋಗಾಲಯಕ್ಕೆ ಕಳಿಸಿದಾಗಲೆಲ್ಲ ಒಂದೇ ಉತ್ತರ: ಇದು ಆಗಲೇ ಗೊತ್ತಿರುವುದು. ಈ ಚುಕ್ಕೆಯನ್ನು ಇನ್ನೂ ಕಳಿಸಿರಲಿಲ್ಲ. ಬೂಷ್ಟು ಅಂಚಿನಿಂದ ಹರಿದು ಬರುತ್ತಿತ್ತು, ಸಂಜೆಯೊಳಗೆ ನುಂಗಿಬಿಡುತ್ತದೆ. ಅಷ್ಟರಲ್ಲಿ, ಬೇರೆ ಸೂಕ್ಷ್ಮಜೀವಿ ಸೇರದಂತೆ ಕೆಂಪಗೆ ಕಾಯಿಸಿ ಆರಿಸಿದ ತಂತಿಯಿಂದ ಚುಕ್ಕೆಯನ್ನು ಎತ್ತಿ ಹೊಸ ಗಾಜಿನ ನಳಿಗೆಗೆ ದಾಟಿಸಬೇಕು.

“ಒಂದು ಕಡ್ಡಿ ಗೀರತೇನ್ರಿ. ಎರಡು ನಿಮಿಷ.”

“ಹೆಣಾ ಏಳೂತನಕ ಬೆಂಕಿ ಹಚ್ಚೂದಿಲ್ಲವ್ವಾ. ಸಾಲಿ ಕಲತಾಕಿಗೆ ಇಷ್ಟೂ ತಿಳೀದೇನು?”

ಬೆಂಕಿಗಾಗಿ ನೆರೆಮನೆಗೆ ಹೋಗುವಂತೆಯೂ ಇರಲಿಲ್ಲ. ಗಂಡ ಸತ್ತವಳು ಹೊಸ್ತಿಲು ದಾಟಬಾರದೆಂದು ಹಿರಿಯರು ಬೆಳಗ್ಗೆಯೇ ಹೇಳಿದ್ದರು. ಅವಳಿಗೆ ಅಳುವೂ ಬರಲಿಲ್ಲ.

*

ಮದುವೆಯಾದ ವರ್ಷ, ಹುನಗುಂದದ ಹತ್ತಿರದೊಂದು ಹಳ್ಳಿ. ಮಲಕಪ್ಪ ಬಾಗಿಲಲ್ಲಿ ನಿಂತು, “ಮಣ್ಣಿಗೆ ಬಂದೇವ್ರಿ” ಎಂದ. ಒಳಗೆ ಹೆಂಗಸೊಬ್ಬಳು ಹೆಣದ ಮುಂದೆ ಅಳುವ ರಾಗ ತೆಗೆದಳು. ಜ್ವರದಿಂದ ಹೊರಸಿನ ಮೇಲೆ ಮಲಗಿದ್ದ ಮುದುಕ ಕೌದಿ ಸರಿಸಿ ತಲೆಯೆತ್ತಿದ.

“ಯಾರ ಮಣ್ಣಿಗೋ ತಮ್ಮಾ? ನಾ ಇನ್ನೂ ಹೋಗಿಲ್ಲಲೇ.”

ಮಲಕಪ್ಪ ಮುಖ ಹುಳ್ಳಗೆ ಮಾಡಿಕೊಂಡ. “ಹಿತ್ತಲ ಮಣ್ಣು ಬೇಕಾಗಿತ್ರಿ ಅಜ್ಜಾರ, ಔಷಧಕ್ಕ.”

“ಹಂಗಾರ ಲಗೂನ ಹುಡುಕು. ಮೊದಲ ನನಗ ಬೇಕಾಗೇತಿ.”

ಹಿಂದಿರುಗುವ ಬಸ್ಸಿನಲ್ಲಿ ನೀಲಗಂಗಾ ದಾರಿಯುದ್ದಕ್ಕೂ ನಕ್ಕಳು. ಅವನು ಪೊಟ್ಟಣದ ಮೇಲೆ ಮುದುಕನ ಹೆಸರು ಬರೆದ. ಅಂದಿನಿಂದ ಎಲ್ಲದರ ಮೇಲೂ ಮಣ್ಣು ಕೊಟ್ಟವರ ಹೆಸರೇ.

*

ಹೊರಗೆ ಕಟ್ಟೆಯ ಮೇಲೆ ಯಾರೋ ಕೇಳಿದರು: “ಮಣ್ಣು ಎಷ್ಟೊತ್ತಿಗೆ?”

“ಐದಕ್ಕ,” ಎಂದ ಕಾಲೇಜಿನ ಜವಾನ ಖಾಸಿಂಸಾಬ. “ಸರ್ ಇದ್ದಿದ್ರ, ಮಣ್ಣು ಅಂದಕೂಡ್ಲೆ ಪೊಟ್ಟಣಾ ಹಿಡಕೊಂಡು ಓಡ್ತಿದ್ರು.” ನಗಲು ಹೋದವನು ಮುಖ ಒರೆಸಿಕೊಂಡ.

ನೀಲಗಂಗಾ ಅವನನ್ನು ಒಳಗೆ ಕರೆದು ತಟ್ಟೆ ಕೊಟ್ಟಳು. “ತಟ್ಟಿ ಮ್ಯಾಲಿನ ಚೀಟಿ ಓದಿ ನಮ್ಮ ಅತ್ತಿಯವರಿಗೆ ಹೇಳ್ರಿ.”

“ಸಕ್ರವ್ವ. ಕುರಿಹಟ್ಟಿ. ಬಾದಾಮಿ ದಾರಿ,” ಎಂದು ಅವನು ಓದಿದ.

“ನನ್ನ ಹೆಸರಾ?”

“ಯುಗಾದಿಗೆ ನಾವು ಹಟ್ಟಿಗೆ ಬಂದಾಗ ನೀವು ಮುಷ್ಟಿ ಮಣ್ಣು ಕೊಟ್ಟಿದ್ರಲ್ಲರಿ,” ಎಂದಳು ನೀಲಗಂಗಾ.

ಸಕ್ರವ್ವ ಬುಟ್ಟಿಯನ್ನು ಕೆಳಗಿಟ್ಟಳು. ಮಗನ ಕಡೆ ನೋಡಿದಳು.

“ಹೊಸಾ ಬೆಂಕಿ ಬ್ಯಾಡ,” ಎಂದಳು. “ಅವನ ಮುಂದ ದೀಪ ಉರ್ಯಾಕಹತ್ತೇತಿ. ಅಲ್ಲೇ ಕುಂತು ಮಾಡು.”

ನೀಲಗಂಗಾ ಗಂಡನ ಎದುರು ಕೂತು ತಂತಿಯನ್ನು ದೀಪಕ್ಕೆ ಹಿಡಿದಳು. ಮೊದಲು ಕಪ್ಪಾಯಿತು; ತುದಿ ನಿಧಾನವಾಗಿ ಕೆಂಪೇರಿತು. ಅದನ್ನು ಆರಲು ಬಿಟ್ಟು, ಸುತ್ತ ನೋಡಿದಳು.

“ಒಂದೀಟು ಯಾರೂ ಉಸರ ಬಿಡಬ್ಯಾಡ್ರಿ. ತಟ್ಟಿ ಮ್ಯಾಲ ಬೀಳತೈತಿ.”

ಬೆಳಗಿನಿಂದ ನಡುನಡುವೆ ಎದೆ ಬಡಿದುಕೊಂಡು ಅಳುತ್ತಿದ್ದ ಸಕ್ರವ್ವ ಸೆರಗನ್ನು ಮಡಿಸಿ ಬಾಯಿಗೆ ಒತ್ತಿಕೊಂಡಳು. ಮಿಕ್ಕ ಹೆಂಗಸರೂ ಒಬ್ಬೊಬ್ಬರಾಗಿ ಬಾಯಿ ಮುಚ್ಚಿಕೊಂಡರು. ಭಜನೆಯವರು ತಾಳಗಳನ್ನು ಅಂಗೈಯಲ್ಲಿ ಅಡಗಿಸಿದರು. ನೀಲಗಂಗಾ ಮುಚ್ಚಳ ಎತ್ತಿದಳು. ಮಲಕಪ್ಪನ ಸುತ್ತ ಇಡೀ ಪಡಸಾಲೆ ಉಸಿರು ಬಿಗಿಹಿಡಿದು ಕೂತಿತ್ತು.