ನರ್ಸು ಹಾಗೆ ನಡೆಯೋಲ್ಲ

ಊಟದ ಮೇಜಿನ ಮೇಲೆ ಸೊಸೆಯ ಲ್ಯಾಪ್‌ಟಾಪ್, ಅದರೊಳಗೆ ಒಂದು ಆಸ್ಪತ್ರೆಯ ವಾರ್ಡು, ವಾರ್ಡಿನ ತುಂಬ ಓಡಾಡುವ ನೀಲಿ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಜೇಬಿನಲ್ಲಿ ಫೋನಿಟ್ಟುಕೊಂಡ ಒಬ್ಬ ನರ್ಸು. ರೋಗಿ ಗುಂಡಿ ಒತ್ತಿದರೆ ಕರೆ ವೈಫೈ ಮೂಲಕ ಆ ಫೋನಿಗೆ ತಲುಪಬೇಕು. ಯಾವ ಗೋಡೆಗೆ ವೈಫೈ ಪೆಟ್ಟಿಗೆ ಹಾಕಬೇಕೆಂದು, ಗೋಡೆ ಕೊರೆಯುವ ಮೊದಲೇ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ಹೇಳುವುದು ಸೊಸೆಯ ಕೆಲಸ. ಆರು ತಿಂಗಳು ತಲೆ ಕೆಡಿಸಿಕೊಂಡಿದ್ದಳು. ಈಗ ನೂರಕ್ಕೆ ತೊಂಬತ್ತೊಂಬತ್ತು ಕರೆಗಳು ತಲುಪುತ್ತಿದ್ದವು. ಜಂಬವಿತ್ತು, ಇರಬೇಕಾದ್ದೇ. ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯವರು ಒಪ್ಪಿದರೆ ನಾಳೆಯೇ ಕೆಲಸ ಶುರು.

ಬಟಾಣಿ ಸುಲಿಯುತ್ತಿದ್ದ ಅತ್ತೆ ಹಿಂದಿನಿಂದ ಇಣುಕಿದರು. ಮೂವತ್ತು ವರ್ಷ ನರ್ಸಾಗಿ ಕಾಲು ಸವೆಸಿದವರು. ನಾಲಗೆ ಮಾತ್ರ ಸವೆದಿರಲಿಲ್ಲ.

"ಇವರೆಲ್ಲ ಯಾಕೆ ದಿಕ್ಕು ತಪ್ಪಿದವರ ಹಾಗೆ ಅಲೀತಿದಾರೆ?"

"ನರ್ಸುಗಳು, ಅತ್ತೆ. ಎಲ್ಲಿಗೋ ಹೋಗ್ತಾರೆ, ನಿಲ್ತಾರೆ, ಮತ್ತೆಲ್ಲಿಗೋ ಹೋಗ್ತಾರೆ. ಇಂಥ ಪರೀಕ್ಷೇಲಿ ಹೀಗೇ ನಡೆಸೋದು ರೂಢಿ."

"ಹಾಗೆ ನಡೆದಿದ್ರೆ ನಮ್ಮ ಹೆಡ್ ನರ್ಸು ಚಳಿ ಬಿಡಿಸ್ತಿದ್ದರು! ನರ್ಸುಗಳ ಮೇಜಿಂದ ಮಂಚಕ್ಕೆ, ಮಂಚದಿಂದ ಮಂಚಕ್ಕೆ, ಮತ್ತೆ ಮೇಜಿಗೆ. ಅದಿರಲಿ, ಪಾಳಿ ಬದಲಾಗೋದೆಲ್ಲಿ? ಎರಡು ಗಂಟೆಗೆ ಹೋಗೋರು, ಬರೋರು ಎಲ್ಲಾ ಕಾಲು ಗಂಟೆ ಅದೇ ಮೇಜಿಗೆ ಮುತ್ತಿಕೊಂಡಿರ್ತೀವಿ."

ಪಾಳಿ ಬದಲಾಗುವುದನ್ನು ಸೊಸೆ ಲೆಕ್ಕಕ್ಕೇ ತಂದಿರಲಿಲ್ಲ. ಪುಣ್ಯಕ್ಕೆ ಚುಕ್ಕಿಗಳನ್ನು ಓಡಿಸುತ್ತಿದ್ದದ್ದು ಮುಕ್ತ ತಂತ್ರಾಂಶ, ಯಾರು ಬೇಕಾದರೂ ಒಳಗನ್ನು ಬಿಚ್ಚಿ ತಿದ್ದಬಹುದು. ಅತ್ತೆ ಕುರ್ಚಿಗಳನ್ನೇ ಮಂಚ ಮಾಡಿಕೊಂಡು ನಡೆದು ತೋರಿಸಿದರು, ಇಲ್ಲದ ರೋಗಿಗಳ ದಿಂಬನ್ನೂ ಸರಿಮಾಡಿದರು. ಸೊಸೆ ಸೆಕೆಂಡು ಎಣಿಸಿ ಚುಕ್ಕಿಗಳ ನಡಿಗೆಯನ್ನು ಬದಲಿಸಿದಳು. ಓಡಿಸಿ ನೋಡಿದರೆ, ಎರಡು ಗಂಟೆಗೆ ಇಪ್ಪತ್ತನಾಲ್ಕು ಚುಕ್ಕಿಗಳೂ ಒಂದೇ ಪೆಟ್ಟಿಗೆಗೆ ಜೋತುಬಿದ್ದವು, ಅದು ಭಾರ ತಡೆಯಲಿಲ್ಲ. ತಲುಪಿದ ಕರೆಗಳು ನೂರಕ್ಕೆ ಅರವತ್ತೊಂದು.

ಆರು ತಿಂಗಳ ಕೆಲಸ ನೀರಿನಲ್ಲಿ ಮಾಡಿದ ಹೋಮವಾಯಿತು. ಹಳೆಯದನ್ನೇ ತೋರಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಅತ್ತೆಯ ಮುಖ ನೋಡಿದ ಮೇಲೆ ಆ ಯೋಚನೆ ನಾಚಿಕೊಂಡು ಹೊರಟುಹೋಯಿತು. ನಕ್ಷೆಯಲ್ಲಿ ಉಗ್ರಾಣದ ಬಾಗಿಲಲ್ಲಿದ್ದ ಪೆಟ್ಟಿಗೆಯನ್ನು ನರ್ಸುಗಳ ಮೇಜಿನೆದುರಿಗೆ ಸರಿಸಿ, ಫೋನುಗಳನ್ನು ಎರಡು ಪೆಟ್ಟಿಗೆಗಳಿಗೆ ಹಂಚಿದಳು. ಊಟ ಮರೆತು ಇನ್ನೂ ನಾಲ್ಕು ಸಲ ಓಡಿಸಿದಳು. ತೊಂಬತ್ತೇಳಕ್ಕೆ ಬಂತು.

ಮೂರು ಗಂಟೆಗೆ ಆಸ್ಪತ್ರೆಯಲ್ಲಿ ಅವಳು ತನ್ನ ತಪ್ಪನ್ನೇ ಮೊದಲು ತೋರಿಸಿದಳು. ಮೂಲೆಯಲ್ಲಿದ್ದ ಅಲ್ಲಿನ ಹೆಡ್ ನರ್ಸು ಎದ್ದು ನಿಂತು, "ಎರಡು ಗಂಟೆ ಗಲಾಟೆ ನಿಮಗೆ ಹೇಗಮ್ಮ ಗೊತ್ತಾಯ್ತು? ಇಲ್ಲಿ ಯಾರೂ ನಮ್ಮನ್ನ ಕೇಳೇ ಇಲ್ಲ!" ಎಂದರು.

"ನಮ್ಮತ್ತೆ ನಡೆದು ತೋರಿಸಿದರು."

ಎಲ್ಲರೂ ನಕ್ಕರು, ಒಪ್ಪಿದರು. ಸೊಸೆ ಮೆಟ್ಟಿಲಿಳಿಯುತ್ತಲೇ ಮನೆಗೆ ಫೋನು ಮಾಡಿದಳು.

"ಒಪ್ಪಿದರು, ಅತ್ತೆ! ತೊಂಬತ್ತೇಳು ಸಾಕಂತೆ!"

"ಶಭಾಷ್ ಕಣೇ! ಊಟ ಬಡಿಸಿಟ್ಟಿದೀನಿ, ಬೇಗ ಬಾ," ಎಂದರು ಅತ್ತೆ. "ಉಳಿದ ಆ ಮೂರು ಜನ ರೋಗಿಗಳು ಇನ್ನೂ ಗುಂಡಿ ಒತ್ತುತ್ತಾ ಇದಾರೆ."